ಬರವಣಿಗೆಗೂ ಒಂದು ಪದವಿ

ನಮ್ಮ ಬೀದಿಯ ಕೊನೆಯ ಮನೆಯ ಮಿತ್ರರು ಮೊನ್ನೆ ಸಂಜೆ ಬಂದು ಕುಳಿತವರು ಬಹಳ ಹೊತ್ತು ಮಾತನಾಡಲಿಲ್ಲ. ನಿವೃತ್ತ ಇಂಜಿನಿಯರು; ಸೇತುವೆ ಕಟ್ಟಿದವರು; ಸುಮ್ಮನೆ ಕೂರುವ ಸ್ವಭಾವ ಅವರದಲ್ಲ. ಕಾಫಿ ಬಂದ ಮೇಲೆ ವಿಷಯ ಹೊರಬಿತ್ತು. ಅಮೆರಿಕದಲ್ಲಿರುವ ಅವರ ಮೊಮ್ಮಗಳು ಕಾಲೇಜು ಸೇರಿದ್ದಾಳೆ. ವೈದ್ಯವಲ್ಲ, ಇಂಜಿನಿಯರಿಂಗ್ ಅಲ್ಲ, ಕಂಪ್ಯೂಟರೂ ಅಲ್ಲ. ನಾಲ್ಕು ವರ್ಷ ಓದಿ ಅವಳು ಪಡೆಯಲಿರುವುದು ‘ವೃತ್ತಿ ಬರವಣಿಗೆ’ಯಲ್ಲಿ ಪದವಿ.

“ಅಲ್ಲ ರಾಯರೇ, ನಮ್ಮ ತಾತ ಮರಳಿನ ಮೇಲೆ ಬೆರಳಿಟ್ಟು ಕಲಿತ ವಿದ್ಯೆ ಇದು. ಇದಕ್ಕೆ ನಾಲ್ಕು ವರ್ಷವೆ? ಬರೆಯೋದು ಬರೋರಿಗೆ ಬರುತ್ತೆ. ಬಾರದವರಿಗೆ ಬ್ರಹ್ಮನೇ ಇಳಿದು ಬಂದರೂ ಬರೋದಿಲ್ಲ. ಏನಂತೀರಿ?”

ನಾನು ಒಡನೆ ಉತ್ತರ ಕೊಡಲಿಲ್ಲ. ಏಕೆಂದರೆ ಮಿತ್ರರ ಮಾತು ಅವರೊಬ್ಬರದೇ ಅಲ್ಲ. ಸಾಹಿತ್ಯ ಬಲ್ಲವರ ಸಭೆಯಲ್ಲಿಯೂ ಇದೇ ಅಭಿಪ್ರಾಯ ಇನ್ನಷ್ಟು ಸಂಸ್ಕೃತ ಪದಗಳನ್ನು ಉಟ್ಟುಕೊಂಡು ಬರುತ್ತದೆ. ಪ್ರತಿಭೆ ಹುಟ್ಟಿನೊಡನೆ ಬಂದದ್ದು, ಅದನ್ನು ತರಗತಿಯಲ್ಲಿ ಹಂಚಲು ಬಾರದು ಎನ್ನುತ್ತಾರೆ. ಇದಕ್ಕೆ ಸಾಕ್ಷಿಯಾಗಿ ಯಾರಾದರೊಬ್ಬರು ‘ಕವಿರಾಜಮಾರ್ಗ’ವನ್ನು ಕರೆತರುವುದೂ ಉಂಟು. ಕನ್ನಡ ನಾಡಿನ ಜನ ಓದಿನ ಅಭ್ಯಾಸವಿಲ್ಲದೆಯೇ ಕಾವ್ಯದಲ್ಲಿ ಪಳಗಿದವರೆಂದು ಒಂಬತ್ತನೆಯ ಶತಮಾನದಲ್ಲಿಯೇ ಅದು ಹೊಗಳಿಲ್ಲವೆ? ಹೊಗಳಿದೆ, ನಿಜ. ಆದರೆ ಹೊಗಳಿದ ಗ್ರಂಥ ಎಂಥದೆಂಬುದನ್ನು ನಾವು ಮರೆತುಬಿಡುತ್ತೇವೆ. ಅದು ಪಾಠ ಹೇಳುವ ಗ್ರಂಥ. ಬರೆಯುವವನು ಎಡವುವುದೆಲ್ಲಿ, ಎಡವದಂತೆ ನಡೆಯುವುದು ಹೇಗೆ ಎಂಬುದೇ ಅದರ ವಸ್ತು. ಕನ್ನಡವನ್ನೂ ಸಂಸ್ಕೃತವನ್ನೂ ಹದವರಿಯದೆ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತಾಗುತ್ತದೆ ಎಂದು ಎಚ್ಚರಿಸುವ ಆ ಗ್ರಂಥಕಾರ, ಕೆಂಪು ಶಾಯಿಯ ಲೇಖನಿ ಹಿಡಿದ ಮೇಷ್ಟರಲ್ಲದೆ ಮತ್ತಾರು? ನೀವು ಓದದೆಯೇ ಬಲ್ಲವರು ಎಂದು ಬಾಯ್ತುಂಬ ಹೊಗಳಿ, ಹಾಗೆಯೇ ಪಾಠಕ್ಕೆ ಕೂರಿಸಿಬಿಟ್ಟ ಆ ಜಾಣತನ ನನಗೆ ಬಹಳ ಹಿಡಿಸಿದೆ.

ಆದ್ದರಿಂದ ಕಲಿಸಬಹುದೆ ಎಂಬ ಪ್ರಶ್ನೆ ನಮಗೆ ಹೊಸದಲ್ಲ. ಕಲಿಸುವುದು ಹೇಗೆ, ಯಾರಿಗಾಗಿ ಬರೆಯುವುದನ್ನು ಕಲಿಸುವುದು ಎಂಬ ಪ್ರಶ್ನೆಗಳು ಮಾತ್ರ ಇನ್ನೂ ಹಸಿಯಾಗಿವೆ. ಮಿತ್ರರ ಮೊಮ್ಮಗಳು ಇರುವ ದೇಶದಲ್ಲಿ ಸುಮಾರು ಒಂದೂವರೆ ಶತಮಾನದಿಂದ ಈ ಪ್ರಯೋಗ ನಡೆದುಬಂದಿರುವುದರಿಂದ ಅಲ್ಲಿಯ ಕಥೆಯನ್ನು ಸ್ವಲ್ಪ ನೋಡುವುದು ಒಳ್ಳೆಯದು.

1872ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯ ಆಡಮ್ಸ್ ಶರ್ಮನ್ ಹಿಲ್ ಎಂಬವರನ್ನು ಬರವಣಿಗೆ ಕಲಿಸುವುದಕ್ಕಾಗಿ ಕರೆಸಿಕೊಂಡಿತು. ಅವರು ಪಂಡಿತ ಪರಂಪರೆಯವರಲ್ಲ, ಪತ್ರಿಕೆಯಲ್ಲಿ ದುಡಿದು ಬಂದವರು. ಈ ಸಂಗತಿ ಸಣ್ಣದಲ್ಲ. ಅಂದು ಬರೆದದ್ದನ್ನು ಮರುದಿನ ಓದುಗ ಓದುತ್ತಾನೆ, ಅರ್ಥವಾಗದಿದ್ದರೆ ಮಡಿಸಿಡುತ್ತಾನೆ ಎಂಬ ಭಯವನ್ನು ಕಂಡವರು. 1874ರಿಂದ ಪ್ರವೇಶ ಪರೀಕ್ಷೆಯಲ್ಲಿಯೇ ಇಂಗ್ಲಿಷಿನಲ್ಲಿ ಪ್ರಬಂಧ ಬರೆಸತೊಡಗಿದರು. ದುಬಾರಿ ಶಾಲೆಗಳಿಂದ ಬಂದ ದೊಡ್ಡ ಮನೆತನಗಳ ಮಕ್ಕಳಿಗೆ ತಮ್ಮ ತಾಯಿನುಡಿಯಲ್ಲಿ ಒಂದು ಪುಟವನ್ನು ನೆಟ್ಟಗೆ ಬರೆಯಲು ಬಾರದೆಂಬುದು ಆಗ ಹೊರಬಿತ್ತು. 1892ರಲ್ಲಿ ವಿಶ್ವವಿದ್ಯಾನಿಲಯದ ಸಮಿತಿಯೊಂದು ಇದೇ ವಿಷಯವಾಗಿ ವರದಿ ಕೊಟ್ಟು ತಪ್ಪನ್ನೆಲ್ಲ ಶಾಲೆಗಳ ಮೇಲೆ ಹೊರಿಸಿತು. ಕಾಲೇಜು ಶಾಲೆಯನ್ನು ದೂರುವ ಸಂಪ್ರದಾಯ ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ತೋರುತ್ತದೆ.

ಹಿಲ್ ಅವರ ಕಿರಿಯ ಸಹೋದ್ಯೋಗಿ ಬ್ಯಾರೆಟ್ ವೆಂಡೆಲ್ 1880ರ ದಶಕದಲ್ಲಿ ಒಂದು ಹೊಸ ಪದ್ಧತಿ ತಂದರು. ವಿದ್ಯಾರ್ಥಿ ದಿನಕ್ಕೊಂದು ಪುಟದಷ್ಟು ಬರೆಯಬೇಕು. ಬೆಳಿಗ್ಗೆ ಗೊತ್ತಾದ ಹೊತ್ತಿಗೆ ತಂದು ಪೆಟ್ಟಿಗೆಗೆ ಹಾಕಬೇಕು. ದೇಶಪ್ರೇಮ, ಸಮಯದ ಮಹತ್ವ ಮೊದಲಾದ ವಿಷಯಗಳು ಬೇಡ. ತಾನೇ ಕಂಡದ್ದು, ಕೇಳಿದ್ದು ಸಾಕು. ನಾವು ಹೈಸ್ಕೂಲಿನಲ್ಲಿ ‘ದೂರದರ್ಶನದಿಂದ ಆಗುವ ಲಾಭ ನಷ್ಟಗಳು’ ಎಂದು ಬರೆಯುತ್ತಿದ್ದಾಗ ನಮ್ಮ ತರಗತಿಯ ಅರ್ಧ ಹುಡುಗರು ದೂರದರ್ಶನವನ್ನು ಕಂಡಿರಲಿಲ್ಲವೆಂಬುದು ಇಲ್ಲಿ ನೆನಪಾಗುತ್ತದೆ. ಲಾಭಕ್ಕೆ ಐದು ಅಂಕ, ನಷ್ಟಕ್ಕೆ ಐದು ಅಂಕ ಸರಿಯಾಗಿ ಬೀಳುತ್ತಿತ್ತು.

ವೆಂಡೆಲ್ ಅವರ ಪೆಟ್ಟಿಗೆಯ ಮಹತ್ವವಿರುವುದು ಬರೆಯುವವನ ಶ್ರಮದಲ್ಲಿ ಮಾತ್ರವಲ್ಲ. ಪೆಟ್ಟಿಗೆಯ ಆಚೆ ಒಬ್ಬ ಮನುಷ್ಯ ಕುಳಿತು ಆ ಪುಟಗಳನ್ನು ಓದಬೇಕು. ತರಗತಿಯಲ್ಲಿ ನೂರು ಜನರಿದ್ದರೆ ದಿನಕ್ಕೆ ನೂರು ಪುಟ. ಇಂದು ಬರೆದದ್ದು ಇಂದೇ ಒಬ್ಬ ಅಪರಿಚಿತನ ಕಣ್ಣಿಗೆ ಬೀಳುತ್ತದೆ, ಅವನು ಅದರ ಅಂಚಿನಲ್ಲಿ ಏನನ್ನೋ ಬರೆದು ಹಿಂದಿರುಗಿಸುತ್ತಾನೆ ಎಂಬ ಅರಿವು ಹದಿನೆಂಟು ವರ್ಷದ ಹುಡುಗನಿಗೆ ಕೊಡುವ ಶಿಕ್ಷಣವನ್ನು ಯಾವ ಅಲಂಕಾರಶಾಸ್ತ್ರವೂ ಕೊಡಲಾರದು. ಬರವಣಿಗೆಯ ತರಗತಿ ಕೊಡಬಹುದಾದ ನಿಜವಾದ ವಸ್ತು ಇದೊಂದೇ ಎಂದು ನನ್ನ ನಂಬಿಕೆ: ಓದುವ ಒಬ್ಬ ಮನುಷ್ಯ. ಉಳಿದದ್ದೆಲ್ಲ ಪುಸ್ತಕದಂಗಡಿಯಲ್ಲಿ ಸಿಗುತ್ತದೆ.

ಆದರೆ ಆ ಓದುವವನು ಯಾರು? ಅವನಿಗೆ ನನ್ನ ನೋವು ತಿಳಿಯುವುದೆ? ಇದನ್ನು ಹಾರ್ವರ್ಡಿನಲ್ಲಿಯೇ ಒಬ್ಬ ವಿದ್ಯಾರ್ಥಿ ಎದುರಿಸಬೇಕಾಯಿತು. 1888ರಲ್ಲಿ ಡಬ್ಲ್ಯು. ಇ. ಬಿ. ಡು ಬಾಯ್ಸ್ ಎಂಬ ನೀಗ್ರೊ ತರುಣ (ಅಂದಿನವರು ಬಳಸುತ್ತಿದ್ದ ಹೆಸರು ಅದು) ಟೆನೆಸ್ಸಿಯ ಫಿಸ್ಕ್ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದು, ಮತ್ತೆ ವಿದ್ಯಾರ್ಥಿಯಾಗಿ ಹಾರ್ವರ್ಡಿಗೆ ಬಂದರು. ತಮ್ಮ ಜನರನ್ನು ಹೀನಾಯವಾಗಿ ಆಡಿದ ದಕ್ಷಿಣದ ಸೆನೆಟರೊಬ್ಬನ ಮೇಲೆ ಕಿಡಿಕಾರಿ ಒಂದು ಪ್ರಬಂಧ ಬರೆದರು. ಅದಕ್ಕೆ ಬಂದದ್ದು ‘ಇ’ ದರ್ಜೆ. ಅಂಥ ದರ್ಜೆಯನ್ನು ಅವರು ಹಿಂದೆ ಕಂಡವರಲ್ಲ.

ಇಂಥ ಸಂದರ್ಭದಲ್ಲಿ ನಮ್ಮ ಸಹಾನುಭೂತಿ ವಿದ್ಯಾರ್ಥಿಯ ಕಡೆಗೇ ಹರಿಯುತ್ತದೆ, ಹರಿಯಬೇಕಾದದ್ದೇ. ನ್ಯಾಯವಾದ ಸಿಟ್ಟಿಗೆ ಅಲ್ಪವಿರಾಮ ತಪ್ಪಿತೆಂದು ದಂಡ ಹಾಕುವುದು ಮೇಷ್ಟರ ಅಧಿಕಾರದ ಕುರುಡುತನವೆನ್ನದೆ ವಿಧಿಯಿಲ್ಲ. ಭಾಷೆ ತಿದ್ದುವ ನೆಪದಲ್ಲಿ ಮನುಷ್ಯನನ್ನೇ ತಿದ್ದಿಬಿಡುವ ಅಪಾಯ ಬರವಣಿಗೆಯ ತರಗತಿಯಲ್ಲಿ ಎಂದಿಗೂ ಇದ್ದದ್ದೇ. ಆದರೆ ಡು ಬಾಯ್ಸ್ ಅವರು ತಮ್ಮ ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ಹೇಳುವ ರೀತಿ ಬೇರೆ. ಉಪಾಧ್ಯಾಯರಿಗೆ ತಮ್ಮ ಜನರ ಬವಣೆ ತಿಳಿಯದೆ ಹೋಗಿರಬಹುದು. ಆದರೆ ಇಂಗ್ಲಿಷಿನ ವಿಷಯದಲ್ಲಿ ಅವರ ತೀರ್ಪು ನ್ಯಾಯವಾದದ್ದೇ ಎಂದು ಒಪ್ಪಿಕೊಂಡು, ದುಡಿದು, ಆ ಅವಧಿ ಮುಗಿಯುವುದರೊಳಗೆ ‘ಸಿ’ ದರ್ಜೆಗೆ ಏರಿದರು. ಮುಂದೆ ವೆಂಡೆಲ್ ಅವರ ತರಗತಿಗೆ ತಾವಾಗಿಯೇ ಸೇರಿದರು. ಜಗತ್ತಿಗೆ ಹೇಳಬೇಕಾದ ಮಾತೊಂದು ತಮ್ಮಲ್ಲಿದೆಯೆಂಬ ನಂಬಿಕೆಯಿದೆ, ಅದನ್ನು ಚೆನ್ನಾಗಿ ಹೇಳುವುದಕ್ಕಾಗಿ ಇಲ್ಲಿಗೆ ಬಂದಿದ್ದೇನೆ ಎಂಬ ಅರ್ಥದ ಅವರ ವಾಕ್ಯವನ್ನು ವೆಂಡೆಲ್ ಮೆಚ್ಚಿ ತರಗತಿಗೆ ಓದಿ ಹೇಳಿದರಂತೆ.

ಇಲ್ಲಿ ಗಮನಿಸಬೇಕಾದದ್ದು, ಡು ಬಾಯ್ಸ್ ಸಿಟ್ಟನ್ನು ಬಿಟ್ಟುಕೊಟ್ಟು ದರ್ಜೆ ಕೊಳ್ಳಲಿಲ್ಲ. ಹೇಳುವ ಮಾತನ್ನು ಅವರು ಮನೆಯಿಂದ ತಂದಿದ್ದರು. ತರಗತಿಯಿಂದ ಪಡೆದದ್ದು ಅದನ್ನು ಶತ್ರುವೂ ಓದಲೇಬೇಕಾಗುವಂತೆ ಹೇಳುವ ಬಲ. 1903ರಲ್ಲಿ ಪ್ರಕಟವಾದ ಅವರ ‘ದ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್’ ಅಮೆರಿಕದ ಗದ್ಯದ ದೊಡ್ಡ ಗ್ರಂಥಗಳಲ್ಲಿ ಒಂದು. ಬರವಣಿಗೆಯ ತರಗತಿಯಲ್ಲಿ ಎಲ್ಲರೂ ಒಂದೇ ಅಚ್ಚಿನ ಗೊಂಬೆಗಳಾಗಿ ಹೊರಬೀಳುತ್ತಾರೆ ಎನ್ನುವವರು ಆ ಪುಸ್ತಕದ ನಾಲ್ಕು ಪುಟ ಓದಿ ಮಾತನಾಡಲಿ. ಹಾಗೆಂದು, ತರಗತಿಯೇ ಅವರನ್ನು ಲೇಖಕರನ್ನಾಗಿ ಮಾಡಿತೆಂದು ಹೇಳುವಷ್ಟು ದಡ್ಡತನವೂ ನನಗಿಲ್ಲ. ಅದೇ ಪೆಟ್ಟಿಗೆಗೆ ಪುಟ ಹಾಕಿದ ಎಷ್ಟೋ ಹುಡುಗರ ಹೆಸರು ಯಾರಿಗೂ ಗೊತ್ತಿಲ್ಲ. ಅವರು ವಕೀಲರಾಗಿ, ವ್ಯಾಪಾರಿಗಳಾಗಿ ಒಳ್ಳೆಯ ಕಾಗದಗಳನ್ನು ಬರೆದಿರಬಹುದು. ಅದೇನು ಕಡಿಮೆಯೆ?

ತರಗತಿ ಮುಗಿದ ಮೇಲೆ ಉಳಿಯುವುದು ಪಠ್ಯ. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಸ್ಟ್ರಂಕ್ ಎಂಬ ಪ್ರೊಫೆಸರು ತಮ್ಮ ವಿದ್ಯಾರ್ಥಿಗಳಿಗಾಗಿ 1918ರಲ್ಲಿ ಸ್ವಂತ ಖರ್ಚಿನಿಂದ ‘ದ ಎಲಿಮೆಂಟ್ಸ್ ಆಫ್ ಸ್ಟೈಲ್’ ಎಂಬ 43 ಪುಟಗಳ ಕಿರುಹೊತ್ತಗೆ ಅಚ್ಚು ಹಾಕಿಸಿದರು. ಮರುವರ್ಷ ಅವರ ತರಗತಿಯಲ್ಲಿ ಕುಳಿತಿದ್ದ ಇ. ಬಿ. ವೈಟ್ ಮುಂದೆ ‘ನ್ಯೂಯಾರ್ಕರ್’ ಪತ್ರಿಕೆಯ ಹೆಸರಾಂತ ಲೇಖಕರಾದರು. 1957ರಲ್ಲಿ ಗುರುವಿನ ನೆನಪಿನಲ್ಲಿ ಒಂದು ಲೇಖನ ಬರೆದರು. 1959ರಲ್ಲಿ ಅವರೇ ಪರಿಷ್ಕರಿಸಿದ ಆವೃತ್ತಿ ಹೊರಬಂದು ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು, ಇಂದಿಗೂ ಖರ್ಚಾಗುತ್ತಿದೆ. ಅದರ ಪ್ರಸಿದ್ಧ ಸೂತ್ರ ಬೇಡದ ಪದಗಳನ್ನು ಕಿತ್ತುಹಾಕಿ ಎಂಬುದು. ಸ್ಟ್ರಂಕ್ ತಮ್ಮ ಪಾಠದಿಂದಲೂ ಬೇಡದ ಪದಗಳನ್ನು ಕಿತ್ತು ಕಿತ್ತು, ಹೊತ್ತು ಕಳೆಯಲು ಏನೂ ಉಳಿಯದೆ, ಅದೇ ಸೂತ್ರವನ್ನು ಮೇಜಿನ ಮೇಲೆ ಬಾಗಿ ಮೂರು ಮೂರು ಸಲ ಹೇಳುತ್ತಿದ್ದರೆಂದು ವೈಟ್ ತಮಾಷೆಯಾಗಿ ನೆನೆಯುತ್ತಾರೆ.

ಈ ಪುಸ್ತಕವನ್ನು ನಾನು ಹಲವು ಬಾರಿ ಓದಿದ್ದೇನೆ. ಪ್ರತಿ ಸಲವೂ ಎರಡು ಮನಸ್ಸಿನಿಂದ ಮುಚ್ಚಿಟ್ಟಿದ್ದೇನೆ. ಅದರ ಗುಣ ಅದರ ದನಿ. ಕಟ್ಟುನಿಟ್ಟಾದ, ಸ್ವಲ್ಪ ಸಿಡುಕಿನ, ಆದರೆ ಓದುವವನ ಮೇಲೆ ಮರುಕವುಳ್ಳ ಒಬ್ಬ ಮುದುಕ ಎದುರಿಗೆ ಕುಳಿತಂತಿದೆ. ಆದರೆ ವ್ಯಾಕರಣವೆಂದು ಅದನ್ನು ಎತ್ತಿಕೊಂಡರೆ ಕೈ ಸುಡುತ್ತದೆ. 2009ರಲ್ಲಿ, ಆವೃತ್ತಿಗೆ ಐವತ್ತು ತುಂಬಿದ ಸಂದರ್ಭದಲ್ಲಿ, ಜೆಫ್ರಿ ಪುಲ್ಲಮ್ ಎಂಬ ಭಾಷಾವಿಜ್ಞಾನಿ ಅದನ್ನು ಹರಿದು ಹಂಚಿಹಾಕಿದರು. ಕರ್ಮಣಿ ಪ್ರಯೋಗವನ್ನು ಬಿಡಿ, ಕರ್ತರಿಯಲ್ಲಿ ಬರೆಯಿರಿ ಎಂದು ಬೋಧಿಸುವ ಕಡೆ ಕೊಟ್ಟಿರುವ ನಾಲ್ಕು ಉದಾಹರಣೆಗಳಲ್ಲಿ ಮೂರು ಕರ್ಮಣಿ ಪ್ರಯೋಗಗಳೇ ಅಲ್ಲವೆಂದು ಅವರು ತೋರಿಸಿಕೊಟ್ಟದ್ದು ನಗು ತರಿಸುವಂತಿದೆ. ಪುಲ್ಲಮ್ ಹೇಳುವುದು ಸರಿ. ಆದರೂ ವೈಟ್ ಅವರ ಗದ್ಯ ಚೆನ್ನಾಗಿದೆಯೆಂಬುದೂ ಸರಿ. ಇವೆರಡೂ ಒಟ್ಟಿಗೆ ನಿಜವಾಗುವುದು ಹೇಗೆ? ವೈಟ್ ಕಲಿತದ್ದು ಸೂತ್ರಗಳಿಂದಲ್ಲ, ಅವನ್ನು ಹೇಳುತ್ತಿದ್ದ ಮನುಷ್ಯ ತಮ್ಮ ಪುಟವನ್ನು ಓದುತ್ತಿದ್ದ ರೀತಿಯಿಂದ ಎಂದು ಇಟ್ಟುಕೊಂಡರೆ ತೊಡಕು ಬಿಡಿಸಿಕೊಳ್ಳುತ್ತದೆ. ಕೊಂಡು ಓದಿದ ಲಕ್ಷಾಂತರ ಜನರಿಗೆ ಸೂತ್ರ ಮಾತ್ರ ಸಿಕ್ಕಿತು, ಮೇಷ್ಟರು ಸಿಗಲಿಲ್ಲ.

ಕರ್ಮಣಿಯ ಮಾತು ಬಂದದ್ದರಿಂದ ಒಂದು ಕ್ಷಣ ನಮ್ಮ ಮನೆಯ ಕಡೆ ತಿರುಗಬೇಕು. ಆಡುವ ಕನ್ನಡದಲ್ಲಿ ಕರ್ಮಣಿ ಪ್ರಯೋಗ ಇಲ್ಲವೆನ್ನುವಷ್ಟು ಕಡಿಮೆ. ‘ನನ್ನಿಂದ ಅನ್ನ ಉಣ್ಣಲ್ಪಟ್ಟಿತು’ ಎಂದು ಯಾವ ತಾಯಿಯ ಮಗನೂ ಹೇಳಲಾರ. ಅದು ವಾಸವಾಗಿರುವುದು ಕಚೇರಿಯ ಕಡತದಲ್ಲಿ. ಕೆಲವು ವರ್ಷಗಳ ಹಿಂದೆ ನನಗೆ ಬಂದ ಒಂದು ಕಾಗದದ ಒಕ್ಕಣೆ ಹೀಗಿತ್ತು: ‘ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ಕೋರಿರುವಂತೆ ಕ್ರಮ ಕೈಗೊಳ್ಳಲು ಅವಕಾಶವಿರುವುದಿಲ್ಲವೆಂಬ ಅಂಶವನ್ನು ತಮ್ಮ ಅವಗಾಹನೆಗೆ ತರಲಾಗಿದೆ.’ ಪರಿಶೀಲಿಸಿದವರು ಯಾರು? ಅವಕಾಶವಿಲ್ಲವೆಂದವರು ಯಾರು? ಏಕೆ ಇಲ್ಲ? ಮತ್ತೆ ಕೇಳಬೇಕಾದರೆ ಯಾವ ಬಾಗಿಲು ತಟ್ಟಬೇಕು? ಆ ವಾಕ್ಯದಲ್ಲಿ ಮನುಷ್ಯರೇ ಇಲ್ಲ. ಬರೆದ ಗುಮಾಸ್ತೆ ಕೆಟ್ಟವನೆಂದು ನಾನು ಹೇಳುವುದಿಲ್ಲ. ಅವನಿಗೆ ಯಾರೂ ಬೇರೆ ರೀತಿ ಕಲಿಸಿರಲಿಲ್ಲ. ಹಳೆಯ ಕಡತವೇ ಅವನ ಗುರು. ನಾನಾದರೂ ಎರಡಕ್ಷರ ಬಲ್ಲವನು; ಆ ಕಾಗದ ವಿಧವಾ ವೇತನಕ್ಕೆ ಅರ್ಜಿ ಹಾಕಿಕೊಂಡ ಹೆಂಗಸಿನ ಕೈಗೆ ಹೋಗಿದ್ದರೆ? ಬರವಣಿಗೆ ಕಲಿಸುವುದು ವಿಲಾಸವೆಂದು ತಿಳಿದವರು ಇದನ್ನು ಯೋಚಿಸಬೇಕು.

ಇರಲಿ. ಮಿತ್ರರನ್ನು ಕಾಡುತ್ತಿದ್ದದ್ದು ‘ವೃತ್ತಿ’ ಎಂಬ ಪದ. ನನ್ನನ್ನೂ ಅದು ಸ್ವಲ್ಪ ಕಾಡುತ್ತದೆ. 1938ರಲ್ಲಿ ಒಕ್ಲಹೋಮಾ ವಿಶ್ವವಿದ್ಯಾನಿಲಯದಲ್ಲಿ ವಾಲ್ಟರ್ ಕ್ಯಾಂಪ್‌ಬೆಲ್ ‘ವೃತ್ತಿ ಬರವಣಿಗೆ’ ಎಂಬ ಹೆಸರಿನಲ್ಲಿಯೇ ಪಾಠಕ್ರಮವೊಂದನ್ನು ಆರಂಭಿಸಿದರು. ಅಲ್ಲಿ ಸಂಕೋಚವಿಲ್ಲ: ಬರೆದದ್ದು ಮಾರಾಟವಾಗಬೇಕು. ಅಲ್ಲಿ ಪಾಠ ಹೇಳಿದ ಡ್ವೈಟ್ ಸ್ವೇನ್ 1965ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲಿಯೇ ಲೇಖಕನಿಗೆ ‘ಮಾರುವವನು’ ಎಂಬ ವಿಶೇಷಣವಿದೆ. ಅವರ ಪ್ರಕಾರ ಕಥೆಯೆಂದರೆ ಒಬ್ಬನಿಗೆ ಏನೋ ಬೇಕು, ಅಡ್ಡಿ ಬರುತ್ತದೆ, ಮೊದಲಿಗಿಂತ ಹೆಚ್ಚಿನ ಕಷ್ಟಕ್ಕೆ ಬೀಳುತ್ತಾನೆ, ಆಮೇಲೆ ತತ್ತರಿಸಿ, ಇಕ್ಕಟ್ಟಿನಲ್ಲಿ ಸಿಲುಕಿ, ಒಂದು ನಿರ್ಧಾರಕ್ಕೆ ಬರುತ್ತಾನೆ, ಮತ್ತೆ ಮೊದಲಿನಿಂದ. ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ, ಇತ್ತಿಂದತ್ತ. ಇದನ್ನು ನೋಡಿ ಮೂಗು ಮುರಿಯುವುದು ಸುಲಭ. ಆದರೆ ಮಹಾಭಾರತದ ದ್ಯೂತಪ್ರಸಂಗವನ್ನು ಈ ಅಚ್ಚಿನಲ್ಲಿಟ್ಟು ನೋಡಿ, ಚೆನ್ನಾಗಿಯೇ ಕೂರುತ್ತದೆ. ಶಾಂತಿಪರ್ವವನ್ನು ಇಡಹೋದರೆ ಅಚ್ಚೇ ಒಡೆಯುತ್ತದೆ. ಅಚ್ಚಿನ ಶಕ್ತಿ, ಮಿತಿ ಎರಡೂ ಇಷ್ಟೇ.

ನನ್ನ ಆಕ್ಷೇಪಣೆ ದುಡ್ಡಿನ ಬಗೆಗಲ್ಲ. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರೂ, ಲೇಖನಿಯನ್ನೇ ನಂಬಿ ನೂರಕ್ಕೂ ಹೆಚ್ಚು ಕಾದಂಬರಿ ಬರೆದ ಅನಕೃ ಅವರೂ ಹುಟ್ಟಿದ ಭಾಷೆಯಲ್ಲಿ ಬರೆದು ಬದುಕುವುದು ಹೀನವೆಂದು ಹೇಳುವ ಬಾಯಿ ನನಗಿಲ್ಲ. ಆಕ್ಷೇಪಣೆ ಏನೆಂದರೆ, ಒಕ್ಲಹೋಮಾದ ಪಾಠದಲ್ಲಿ ಓದುಗ ಗಿರಾಕಿಯಾಗಿಬಿಡುತ್ತಾನೆ. ಗಿರಾಕಿಗೆ ಏನು ಬೇಕೋ ಅದು ಮೊದಲೇ ಗೊತ್ತಿರುತ್ತದೆ. ತನಗೆ ಇದು ಬೇಕಾಗಿತ್ತೆಂದು ಓದಿದ ಮೇಲೆ ಮಾತ್ರ ತಿಳಿದುಕೊಳ್ಳುವ ಓದುಗನಿಗೆ ಅಲ್ಲಿ ಜಾಗವಿಲ್ಲ. ಅಯೋವಾ ವಿಶ್ವವಿದ್ಯಾನಿಲಯದಲ್ಲಿ 1936ರಿಂದ ನಡೆದುಬಂದ ಕಾರ್ಯಾಗಾರದಲ್ಲಿ ಸಹಪಾಠಿಗಳೇ ಓದುಗರು. ಫ್ಲ್ಯಾನರಿ ಓ’ಕಾನರ್ ಅಂಥ ದೊಡ್ಡ ಕಥೆಗಾರ್ತಿ 1940ರ ದಶಕದಲ್ಲಿ ಅಲ್ಲಿ ಕಲಿತದ್ದು ಅದರ ಭಾಗ್ಯ. ಆದರೆ ಅದು ಪದವಿಯ ಮೇಲಿನ ಓದು; ನಮ್ಮ ಮೊಮ್ಮಗಳ ಕಥೆಗೆ ದೂರ.

ಅವಳ ಓದಿಗೆ ಹತ್ತಿರವಾದದ್ದು 1958ರಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗಿ ತಾಂತ್ರಿಕ ವಿದ್ಯಾಲಯದಲ್ಲಿ (ಈಗಿನ ಕಾರ್ನೆಗಿ ಮೆಲನ್) ಆರಂಭವಾದ ತಾಂತ್ರಿಕ ಬರವಣಿಗೆಯ ಪದವಿ. ಯಂತ್ರವನ್ನು ಕಟ್ಟಿದವನಿಗೆ ಅದು ಗೊತ್ತು; ನಡೆಸುವವನಿಗೆ ಗೊತ್ತಿಲ್ಲ; ಇಬ್ಬರ ನಡುವೆ ಒಂದು ಹಾಳೆ ಕಾಗದ. ಅದನ್ನು ಬರೆಯುವವನಿಗೆ ಕೀರ್ತಿಯಿಲ್ಲ, ಹೆಸರೂ ಅಚ್ಚಾಗುವುದಿಲ್ಲ. ಔಷಧದ ಶೀಸೆಯ ಜೊತೆ ಬರುವ ಚೀಟಿ, ವಿಮೆಯ ಷರತ್ತು, ಕುಕ್ಕರಿನ ವಾಲ್ವ್ ಬದಲಿಸುವ ಕ್ರಮ ಇವನ್ನು ಬರೆದವನು ಯಾರೆಂದು ನಾವು ಕೇಳಿದ್ದೇವೆಯೆ? ಸರಿಯಾಗಿ ಬರೆದಿದ್ದರೆ ಕೇಳಬೇಕಾಗಿಯೂ ಬರುವುದಿಲ್ಲ. ಓದುಗನನ್ನು ಗಿರಾಕಿಯೆಂದಾಗಲಿ ರಸಿಕನೆಂದಾಗಲಿ ಎಣಿಸದೆ, ಕೈಯಲ್ಲಿ ಕೆಲಸ ಹಿಡಿದು ನಿಂತ, ಪುರಸೊತ್ತಿಲ್ಲದ ಒಬ್ಬ ಮನುಷ್ಯನೆಂದು ಎಣಿಸುವ ಈ ವಿದ್ಯೆಯಲ್ಲಿ ನನಗೆ ಒಂದು ಬಗೆಯ ಸೌಜನ್ಯ ಕಾಣುತ್ತದೆ.

ನಮ್ಮಲ್ಲಿ ಇದಕ್ಕೆ ಬೀಜವೇ ಇರಲಿಲ್ಲವೆಂದಲ್ಲ. 1951ರಲ್ಲಿಯೇ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮ ವಿಭಾಗ ಕಟ್ಟಿದರು. ಆದರೆ ವರದಿಗಾರನಿಗೆ ಸಿಕ್ಕ ಭಾಗ್ಯ ಗುಮಾಸ್ತೆಗೆ ಸಿಗಲಿಲ್ಲ. ಕನ್ನಡವನ್ನು ಐಚ್ಛಿಕವಾಗಿ ಓದಿದ ನಾವು ಪಂಪನನ್ನು ಓದಿದೆವು, ಕೇಶಿರಾಜನ ಸೂತ್ರಗಳನ್ನು ಉರು ಹೊಡೆದೆವು. ಅದಕ್ಕಾಗಿ ನಾನು ಇಂದಿಗೂ ಕೃತಜ್ಞ. ಆದರೆ ಮೂರು ವರ್ಷಗಳಲ್ಲಿ ನಾನು ಸ್ವಂತವಾಗಿ ಬರೆದ ಒಂದೇ ಒಂದು ಪುಟದ ಅಂಚಿನಲ್ಲಿ ‘ಇದು ಅರ್ಥವಾಗಲಿಲ್ಲ’ ಎಂದು ಯಾರೂ ಬರೆಯಲಿಲ್ಲ. ಉತ್ತರಪತ್ರಿಕೆಗೆ ಅಂಕ ಬಿತ್ತು. ಅದು ಮರಳಿ ಕೈಗೆ ಬರಲಿಲ್ಲ.

ಮಿತ್ರರು ಇಷ್ಟನ್ನೂ ತಾಳ್ಮೆಯಿಂದ ಕೇಳಿ, “ಈಗ ಕಂಪ್ಯೂಟರೇ ಕಾಗದ ಬರೆದುಕೊಡುತ್ತಂತಲ್ಲ, ಇನ್ನು ಇವಳೇಕೆ ಕಲಿಯಬೇಕು?” ಎಂದು ಇನ್ನೊಂದು ಬಾಣ ಬಿಟ್ಟರು. ಬರೆದುಕೊಡುತ್ತದೆ, ನಾನೂ ಬರೆಸಿ ನೋಡಿದ್ದೇನೆ. ಮೇಲೆ ಹೇಳಿದ ಕಚೇರಿಯ ಒಕ್ಕಣೆಯನ್ನು ಅದು ಗುಮಾಸ್ತೆಗಿಂತ ಬೇಗ, ಗುಮಾಸ್ತೆಯಷ್ಟೇ ನುಣ್ಣಗೆ ಬರೆಯುತ್ತದೆ. ವೆಂಡೆಲ್ ಅವರ ಕಾಲದಲ್ಲಿಯೂ ಪುಟಗಳಿಗೆ ಬರವಿರಲಿಲ್ಲ. ಬರವಿದ್ದದ್ದು ಕುಳಿತು ಓದುವವರಿಗೆ.

ಅವರು ಒಪ್ಪಿದಂತೆ ಕಾಣಲಿಲ್ಲ. ಜೇಬಿನಿಂದ ಫೋನು ತೆಗೆದು ಮೊಮ್ಮಗಳು ಕಳಿಸಿದ ಒಂದು ಪುಟ ತೋರಿಸಿದರು. ಗೊತ್ತಿರುವ ಕೆಲಸವೊಂದನ್ನು ಏನೂ ಗೊತ್ತಿಲ್ಲದವನಿಗೆ ತಿಳಿಯುವಂತೆ ಬರೆಯಬೇಕೆಂದು ತರಗತಿಯಲ್ಲಿ ಹೇಳಿದ್ದರಂತೆ. ಹುಡುಗಿ ನಮ್ಮ ಫಿಲ್ಟರ್ ಕಾಫಿಯನ್ನು ಆರಿಸಿಕೊಂಡಿದ್ದಳು. ಫಿಲ್ಟರಿನ ಮೇಲಿನ ಬಟ್ಟಲಿಗೆ ಪುಡಿ ಹಾಕಿ, ಮೆಲ್ಲಗೆ ಒತ್ತಿ, ಬಿಸಿನೀರು ಸುರಿದು, ಡಿಕಾಕ್ಷನ್ ಇಳಿಯುವ ತನಕ ಕಾಯಿರಿ ಎಂದಿತ್ತು. ಅಂಚಿನಲ್ಲಿ ಉಪಾಧ್ಯಾಯಿನಿಯ ಅಕ್ಷರ: ಪುಡಿ ಎಷ್ಟು? ಮೆಲ್ಲಗೆ ಎಂದರೆ? ಇಳಿಯಿತೆಂದು ತಿಳಿಯುವುದು ಹೇಗೆ?

“ಇದೆಲ್ಲ ಬರೆಯೋ ವಿಷಯವೆ ರಾಯರೇ? ಯಾರಿಗೆ ಗೊತ್ತಿಲ್ಲ! ನಾನೇ ಒಂದು ಪುಟದಲ್ಲಿ ಬರೆದು ಕಳಿಸುತ್ತೇನೆ, ನೋಡುತ್ತಿರಿ” ಎಂದು ಎದ್ದು ಹೋದರು.

ಮರುದಿನ ಬೆಳಿಗ್ಗೆ ಎರಡು ಹಾಳೆ ಹಿಡಿದುಕೊಂಡು ಬಂದರು. ಎರಡೂ ಮಗ್ಗುಲು ತುಂಬಿತ್ತು. ನೀರು ಇನ್ನೂ ಕುದಿಯಲು ತೊಡಗಿರಲಿಲ್ಲ.